ಸ್ಕಿಜೋಫ್ರೇನಿಯಾದ ಬಾಲ್ಯದ ಗುರುತುಗಳು: ಏನನ್ನು ಗಮನಿಸಬೇಕು, ಎಷ್ಟು ನಂಬಬೇಕು

ಪೋಷಕರು, ಶಿಕ್ಷಕರು ಮತ್ತು ಆರೋಗ್ಯ ಕಾರ್ಯಕರ್ತರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಸ್ಕಿಜೋಫ್ರೇನಿಯಾ ಹೊರಗೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತು ದಾಟಿದ ಮೇಲೆ. ಗಂಡಸರಲ್ಲಿ ಸ್ವಲ್ಪ ಬೇಗ, ಹೆಂಗಸರಲ್ಲಿ ಕೆಲವು ವರ್ಷ ತಡವಾಗಿ. ಬೇರೆ ಯಾರಿಗೂ ಕೇಳದ ಧ್ವನಿ ಕೇಳಿಸುವುದು, ಯಾರೋ ಬೆನ್ನು ಹತ್ತಿದ್ದಾರೆಂಬ ಅಲುಗದ ನಂಬಿಕೆ, ಮಾತಿನ ಎಳೆ ತಪ್ಪುವುದು, ಊಟ, ಸ್ನಾನ, ಗೆಳೆತನ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು ಇದರ ಮುಖ್ಯ ಲಕ್ಷಣಗಳು. ಮಗನಿಗೋ ಮಗಳಿಗೋ ಈ ಕಾಯಿಲೆಯೆಂದು ವೈದ್ಯರು ಹೇಳಿದ ದಿನದಿಂದ ಹೆತ್ತವರು ಹಳೆಯದನ್ನೆಲ್ಲ ಕೆದಕಲು ತೊಡಗುತ್ತಾರೆ. ಹೆಜ್ಜೆ ಇಟ್ಟದ್ದು ತಡವಾಗಿತ್ತಲ್ಲವೇ? ಒಬ್ಬನೇ ಕೂತು ಆಡುತ್ತಿದ್ದನಲ್ಲ? ನಾವು ಆಗಲೇ ತಿಳಿದುಕೊಳ್ಳಬೇಕಿತ್ತೇ?

ಈ ಪ್ರಶ್ನೆಗೆ ನಾವು ನೇರವಾಗಿಯೇ ಉತ್ತರ ಹೇಳುತ್ತೇವೆ. ಬಾಲ್ಯದಲ್ಲಿ ಗುರುತುಗಳು ಇರುತ್ತವೆ ಎಂಬುದು ನಿಜ, ಅದಕ್ಕೆ ಗಟ್ಟಿಯಾದ ಪುರಾವೆಗಳಿವೆ. ಆದರೆ ಆ ಗುರುತುಗಳನ್ನು ನೋಡಿ ಒಂದು ಮಗುವಿನ ಭವಿಷ್ಯವನ್ನು ಹೇಳಲು ಆಗ ಯಾರಿಂದಲೂ ಆಗುತ್ತಿರಲಿಲ್ಲ, ಇಂದಿಗೂ ಆಗುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ಮಾತ್ರ ಮುಂದೆ ಹೇಳುವ ವಿವರಗಳು ಉಪಯೋಗಕ್ಕೆ ಬರುತ್ತವೆ. ಮೊದಲನೆಯದನ್ನಷ್ಟೇ ಹಿಡಿದರೆ ಭಯ ಹುಟ್ಟುತ್ತದೆ. ಎರಡನೆಯದನ್ನಷ್ಟೇ ಹಿಡಿದರೆ ಸಹಾಯ ಬೇಕಾದ ಮಗು ಕಾಯುತ್ತಲೇ ಉಳಿಯುತ್ತದೆ.

ಇದೆಲ್ಲ ನಮಗೆ ಹೇಗೆ ಗೊತ್ತು?

ಕಾಯಿಲೆ ಬಂದ ಮೇಲೆ ತಾಯಿಯನ್ನು ಕೂರಿಸಿ ಬಾಲ್ಯದ ಬಗ್ಗೆ ಕೇಳುವುದು ಸುಲಭದ ದಾರಿ, ಆದರೆ ಅದು ನಂಬಿಕೆಗೆ ಅರ್ಹವಲ್ಲ. ಇಪ್ಪತ್ತು ವರ್ಷದ ನಂತರ ನೆನಪು ಬದಲಾಗಿರುತ್ತದೆ, ಈಗಿನ ದುಃಖ ಹಳೆಯ ಘಟನೆಗಳಿಗೆ ಬೇರೆಯೇ ಅರ್ಥ ಕೊಡುತ್ತದೆ. ಹಾಗಾಗಿ ಸಂಶೋಧಕರಿಗೆ ಬೇಕಾಗಿದ್ದುದು, ಮುಂದೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲದಿದ್ದಾಗಲೇ ಬರೆದಿಟ್ಟ ದಾಖಲೆ.

ಅಂಥ ದಾಖಲೆಗಳಲ್ಲಿ ಮೊದಲು ಹೇಳಬೇಕಾದದ್ದು ಬ್ರಿಟನ್ನಿನದು. 1946ರ ಮಾರ್ಚಿನ ಒಂದು ವಾರದಲ್ಲಿ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ಹುಟ್ಟಿದವರಲ್ಲಿ 5362 ಮಕ್ಕಳನ್ನು ಆಯ್ದು, ಅವರ ಬೆಳವಣಿಗೆಯನ್ನು ದಶಕಗಳವರೆಗೆ ದಾಖಲಿಸುತ್ತ ಬಂದರು. ಆ ಗುಂಪಿನಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಬಂದ 30 ಜನರ ಬಾಲ್ಯದ ಕಡತಗಳನ್ನು ಪೀಟರ್ ಜೋನ್ಸ್ ಮತ್ತು ಸಂಗಡಿಗರು ತೆರೆದು ನೋಡಿ 1994ರಲ್ಲಿ ಪ್ರಕಟಿಸಿದರು. ಈ ಮಕ್ಕಳು ನಡೆಯಲು ಕಲಿತದ್ದು ಉಳಿದವರಿಗಿಂತ ಸರಾಸರಿ 1.2 ತಿಂಗಳು ತಡವಾಗಿ. ಮಾತಿನ ತೊಂದರೆ ಇವರಲ್ಲಿ ಹೆಚ್ಚಿತ್ತು. ನಾಲ್ಕನೇ ಮತ್ತು ಆರನೇ ವಯಸ್ಸಿನಲ್ಲಿ ಒಂಟಿಯಾಗಿ ಆಡುವುದನ್ನು ಇಷ್ಟಪಡುವವರು ಹೆಚ್ಚಿದ್ದರು. ಎಂಟು, ಹನ್ನೊಂದು, ಹದಿನೈದನೇ ವಯಸ್ಸಿನ ಪರೀಕ್ಷೆಗಳಲ್ಲಿ ಅಂಕ ಕಡಿಮೆ. ಹದಿಮೂರಕ್ಕೆ ಜನರ ನಡುವೆ ತಮಗೆ ಧೈರ್ಯ ಸಾಲದೆಂದು ತಾವೇ ಹೇಳಿಕೊಂಡಿದ್ದರು, ಹದಿನೈದಕ್ಕೆ ಶಿಕ್ಷಕರು ಇವರನ್ನು ಹೆಚ್ಚು ಆತಂಕದ ಮಕ್ಕಳೆಂದು ಗುರುತಿಸಿದ್ದರು.

ಉತ್ತರ ಫಿನ್ಲೆಂಡಿನಲ್ಲಿ 1966ರಲ್ಲಿ ಹುಟ್ಟಿದ ಹನ್ನೆರಡು ಸಾವಿರ ಮಕ್ಕಳ ದಾಖಲೆಯಲ್ಲೂ ನಿಲ್ಲುವುದು, ನಡೆಯುವುದು ತಡವಾದದ್ದು ಕಂಡಿತು. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ 1037 ಮಕ್ಕಳ ಅಧ್ಯಯನವನ್ನು ಮುಂದೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಅಮೆರಿಕದ ಎಲೇನ್ ವಾಕರ್ ಬೇರೊಂದು ದಾರಿ ಹುಡುಕಿದರು. ವಯಸ್ಕರಾದ ಮೇಲೆ ಕಾಯಿಲೆ ಬಂದವರ ಮನೆಗಳಿಂದ, ಅವರು ಮಕ್ಕಳಾಗಿದ್ದಾಗ ಹೆತ್ತವರು ತೆಗೆದಿದ್ದ ಚಲನಚಿತ್ರದ ಸುರುಳಿಗಳನ್ನು ಕೇಳಿ ಪಡೆದರು. ಹುಟ್ಟುಹಬ್ಬ, ರಜೆ, ಅಂಗಳದ ಆಟ, ಹೀಗೆ ಎಲ್ಲರ ಮನೆಯಲ್ಲೂ ಇರುವಂಥವೇ. ಮುಂದೆ ಯಾರಿಗೆ ಕಾಯಿಲೆ ಬಂತೆಂದು ತಿಳಿಸದೆ ನೋಡುಗರಿಗೆ ತೋರಿಸಿದರು. ಅದೇ ಮನೆಯ ಆರೋಗ್ಯವಂತ ಅಣ್ಣತಮ್ಮ, ಅಕ್ಕತಂಗಿಯರಿಂದ ಆ ಮಗುವನ್ನು ನೋಡುಗರು ಬೇರೆಯಾಗಿ ಗುರುತಿಸಿದ್ದು ಕೇವಲ ಆಕಸ್ಮಿಕವೆನ್ನಲಾಗದಷ್ಟು ಬಾರಿ. ನಿಧಾನವಾಗಿ ಬಿಡಿಸಿ ನೋಡಿದಾಗ, ಮೊದಲ ಎರಡು ವರ್ಷಗಳಲ್ಲಿ ಕೈಯ ವಿಚಿತ್ರ ಭಂಗಿ, ತಾನಾಗಿಯೇ ತಿರುಚುವಂಥ ಚಲನೆ, ಅದೂ ಎಡಭಾಗದಲ್ಲಿ ಹೆಚ್ಚು ಎಂಬುದು ಹೊರಬಿತ್ತು. ಮುಖದಲ್ಲಿ ನಗು ಕಡಿಮೆ, ಅಳುಕು, ಕಿರಿಕಿರಿ ಹೆಚ್ಚು. ಎರಡು ವರ್ಷ ಕಳೆದ ಮೇಲೆ ಆ ಚಲನೆಯ ವ್ಯತ್ಯಾಸ ಬಹಳ ಮಟ್ಟಿಗೆ ಮರೆಯಾಗುತ್ತಿತ್ತು. ಈ ಕೊನೆಯ ಸಂಗತಿ ಮುಖ್ಯ. ಗುರುತು ಒಂದು ವಯಸ್ಸಿನಲ್ಲಿ ಬಂದು ಇನ್ನೊಂದರಲ್ಲಿ ಹೋಗಬಹುದು, ಅಥವಾ ರೂಪ ಬದಲಿಸಬಹುದು.

ಕೋಪನ್‌ಹೇಗನ್‌ನಲ್ಲಿ 1972ರಲ್ಲಿ ಹನ್ನೊಂದರಿಂದ ಹದಿಮೂರು ವಯಸ್ಸಿನ 265 ಮಕ್ಕಳು ಮಧ್ಯಾಹ್ನದ ಊಟ ಮಾಡುವಾಗ ಚಿತ್ರೀಕರಿಸಿದ್ದರು. ದಶಕಗಳ ಬಳಿಕ ಆ ಚಿತ್ರಗಳನ್ನು ಅಂಕವಿಟ್ಟು ಅಳೆದಾಗ, ಮುಂದೆ ಸ್ಕಿಜೋಫ್ರೇನಿಯಾ ಅಥವಾ ಅದಕ್ಕೆ ಹತ್ತಿರದ ಕಾಯಿಲೆ ಬಂದವರು ಊಟದ ಹೊತ್ತಿನಲ್ಲಿ ಕಡಿಮೆ ಬೆರೆಯುತ್ತಿದ್ದರು, ಕೈಕಾಲಿನ ಚಲನೆಯಲ್ಲೂ ಸಣ್ಣ ದೋಷಗಳಿದ್ದವು.

ವಯಸ್ಸಿನ ಪ್ರಕಾರ ಗುರುತುಗಳು

ಮೊದಲ ವರ್ಷದಲ್ಲಿ ನೋಡಬೇಕಾದದ್ದು ದೇಹದ ಚಲನೆ. ಕುತ್ತಿಗೆ ನಿಲ್ಲುವುದು, ಮಗುಚುವುದು, ಆಸರೆಯಿಲ್ಲದೆ ಕೂರುವುದು, ನಿಲ್ಲುವುದು, ನಡೆಯುವುದು. ಮೇಲೆ ಹೇಳಿದ 1.2 ತಿಂಗಳನ್ನು ಇಲ್ಲಿ ಅಳತೆಗೆ ಇಟ್ಟು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಮಾನದಂಡದ ಪ್ರಕಾರ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯಲು ಕಲಿಯುವುದು 8.2 ತಿಂಗಳಿಂದ 17.6 ತಿಂಗಳ ನಡುವೆ. ಇದು ಒಂಬತ್ತು ತಿಂಗಳಿಗೂ ಹೆಚ್ಚಿನ ಅಂತರ. ಅದರೊಳಗೆ ಒಂದು ತಿಂಗಳ ಸರಾಸರಿ ವ್ಯತ್ಯಾಸ ಒಂದು ಮನೆಯಲ್ಲಿ ಕಣ್ಣಿಗೆ ಬೀಳುವಂಥದ್ದೇ ಅಲ್ಲ, ಸಾವಿರಾರು ಮಕ್ಕಳನ್ನು ಒಟ್ಟುಗೂಡಿಸಿದಾಗ ಮಾತ್ರ ಕಾಣುತ್ತದೆ. ಹದಿಮೂರನೇ ತಿಂಗಳಲ್ಲಿ ನಡೆದ ಮಗುವಿನ ಬಗ್ಗೆ ಚಿಂತಿಸಲು ಕಾರಣವೇ ಇಲ್ಲ. ಹದಿನೆಂಟು ತಿಂಗಳಾದರೂ ನಡೆಯದ ಮಗುವನ್ನು ಮಕ್ಕಳ ತಜ್ಞರಿಗೆ ತೋರಿಸಲೇಬೇಕು. ಅದು ಸ್ಕಿಜೋಫ್ರೇನಿಯಾದ ಭಯದಿಂದಲ್ಲ, ಸ್ನಾಯು, ನರ, ಸೊಂಟದ ಕೀಲುಗಳ ತೊಂದರೆ ಇದೆಯೇ ಎಂದು ತಿಳಿಯುವುದಕ್ಕೆ.

ಲೆಕ್ಕ ಹಾಕುವಾಗ ಅನೇಕರು ಮಾಡುವ ಒಂದು ತಪ್ಪಿದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ವಯಸ್ಸನ್ನು ಹುಟ್ಟಿದ ದಿನದಿಂದಲೇ ಎಣಿಸುತ್ತಾರೆ. 32 ವಾರಕ್ಕೆ ಹುಟ್ಟಿದ ಮಗು 8 ವಾರ ಮುಂಚೆ ಬಂದಿದೆ. ಅದರ ಒಂದು ವರ್ಷ ಎಂದರೆ ಬೆಳವಣಿಗೆಯ ಲೆಕ್ಕದಲ್ಲಿ ಹತ್ತು ತಿಂಗಳು. ಎರಡು ವರ್ಷ ತುಂಬುವವರೆಗೆ ಹೀಗೆ ಕಳೆದು ನೋಡಬೇಕು.

ಎರಡರಿಂದ ಐದು ವರ್ಷದಲ್ಲಿ ಮಾತು ಮತ್ತು ಬೆರೆಯುವಿಕೆ. ಇಲ್ಲಿ ಗಮನ ಮಾತಾಡುವುದರ ಮೇಲಷ್ಟೇ ಇದ್ದರೆ ಸಾಲದು. ಡುನೆಡಿನ್ ಮಕ್ಕಳಲ್ಲಿ ಎದ್ದು ಕಂಡದ್ದು ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವುದರಲ್ಲಿನ ಕೊರತೆ. ಚೆನ್ನಾಗಿ ಹರಟುವ ಮಗುವಿಗೂ ಈ ಕೊರತೆ ಇರಬಹುದು, ಮನೆಯವರು ಕೈಸನ್ನೆ, ಕಣ್ಣೋಟ, ದಿನನಿತ್ಯದ ಅಭ್ಯಾಸದಿಂದ ಅದನ್ನು ತಿಳಿಯದೆಯೇ ತುಂಬಿಸಿಬಿಡುತ್ತಾರೆ. ಪರೀಕ್ಷಿಸಬೇಕಾದರೆ ಸನ್ನೆಯಿಲ್ಲದೆ, ಮಗುವಿಗೆ ಅಭ್ಯಾಸವಿಲ್ಲದ ಒಂದು ಕೆಲಸವನ್ನು ಎರಡು ಹಂತದಲ್ಲಿ ಹೇಳಿ: "ಚಮಚವನ್ನು ಕುರ್ಚಿಯ ಕೆಳಗಿಡು, ಆಮೇಲೆ ಪುಸ್ತಕ ತಗೊಂಡು ಬಾ." ಮೂರು ವರ್ಷ ದಾಟಿದ ಹೆಚ್ಚಿನ ಮಕ್ಕಳು ಇದನ್ನು ಮಾಡುತ್ತಾರೆ. ಬೇರೆ ಬೇರೆ ದಿನ ಕೇಳಿದರೂ ಮಾಡದಿದ್ದರೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಕಿವಿಯ ಪರದೆಯ ಹಿಂದೆ ನೀರು ನಿಂತು ಕೇಳಿಸುವುದು ಮಂದವಾದ ಮಕ್ಕಳು ಬಹಳ. ಅವರನ್ನು ಮೊಂಡರೆಂದೋ ಮಂಕರೆಂದೋ ಕರೆದು ವರ್ಷಗಳೇ ಕಳೆಯುತ್ತವೆ.

ಒಂಟಿ ಆಟದ ಬಗ್ಗೆಯೂ ಎಚ್ಚರದಿಂದ ಮಾತಾಡಬೇಕು. ತಾನೇ ಕೂತು ಗಂಟೆಗಟ್ಟಲೆ ಬಣ್ಣ ಹಚ್ಚುವ ಮಗು, ಕರೆದಾಗ ಓಡಿ ಬಂದು ಇತರರೊಡನೆ ಸೇರುವುದಾದರೆ ಅದು ಸ್ವಭಾವ. ಬೇರೆ ಮಕ್ಕಳನ್ನು ಕಂಡರೆ ಹಿಂದೆ ಸರಿಯುವುದು, ಸೇರಬೇಕೆಂಬ ಆಸೆಯಿದ್ದೂ ಹೇಗೆ ಸೇರಬೇಕೆಂದು ತಿಳಿಯದೆ ಅಂಚಿನಲ್ಲೇ ನಿಲ್ಲುವುದು, ಇವು ಗಮನಿಸಬೇಕಾದವು. ಬ್ರಿಟನ್ನಿನಲ್ಲಿ 1958ರಲ್ಲಿ ಹುಟ್ಟಿದ ಮಕ್ಕಳ ಅಧ್ಯಯನದಲ್ಲಿ ಗಂಡು ಮಕ್ಕಳೂ ಹೆಣ್ಣು ಮಕ್ಕಳೂ ಒಂದೇ ಬಗೆಯಾಗಿರಲಿಲ್ಲ. ಮುಂದೆ ಕಾಯಿಲೆ ಬಂದ ಹುಡುಗರು ಏಳನೇ ವಯಸ್ಸಿಗೆ ಶಾಲೆಯಲ್ಲಿ ಆತಂಕ, ಸಿಡುಕು, ರೇಗಾಟ ತೋರುತ್ತಿದ್ದರು. ಹುಡುಗಿಯರಲ್ಲಿ ಹಾಗಲ್ಲ, ಹನ್ನೊಂದರ ಹೊತ್ತಿಗೆ ಮೌನವಾಗಿ ಒಳಸರಿಯುವುದು ಕಂಡಿತು. ತರಗತಿಯಲ್ಲಿ ತೊಂದರೆ ಕೊಡದ, ಕೊನೆಯ ಬೆಂಚಿನ ಸುಮ್ಮನಿರುವ ಹುಡುಗಿಯನ್ನು ಯಾರೂ ವಿಚಾರಿಸುವುದಿಲ್ಲ. ಶಿಕ್ಷಕರಲ್ಲಿ ನಮ್ಮ ಕೋರಿಕೆ ಇದು: ಗಲಾಟೆ ಮಾಡುವವರ ಹೆಸರಷ್ಟೇ ಪಟ್ಟಿಯಲ್ಲಿ ಬೇಡ.

ಏಳರಿಂದ ಹದಿಮೂರರ ನಡುವಿನ ಕಾಲ ಈ ವಿಷಯದ ತಿರುಳು. ಕಾಯಿಲೆ ಬರುವುದಕ್ಕೆ ಮುಂಚೆ ಬುದ್ಧಿಶಕ್ತಿಯ ಅಂಕ ಸಮಾನ ವಯಸ್ಕರಿಗಿಂತ ಸರಾಸರಿ ಎಂಟು ಐಕ್ಯೂ ಅಂಶದಷ್ಟು ಕಡಿಮೆ ಎಂಬುದು ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಸಿಕ್ಕ ಲೆಕ್ಕ. ಆದರೆ ಈ ಕೊರತೆ ಒಂದೇ ಜಾತಿಯದಲ್ಲ ಎಂಬುದನ್ನು ಡುನೆಡಿನ್ ಮಕ್ಕಳನ್ನು ಏಳು, ಒಂಬತ್ತು, ಹನ್ನೊಂದು, ಹದಿಮೂರನೇ ವಯಸ್ಸಿನಲ್ಲಿ ಪರೀಕ್ಷಿಸಿದ ಅಂಕಗಳು ತೋರಿಸಿದವು. ಪದಜ್ಞಾನ, ತರ್ಕ, ವಿಷಯಗಳನ್ನು ಹೋಲಿಸಿ ಗ್ರಹಿಸುವ ಶಕ್ತಿ ಇವುಗಳಲ್ಲಿ ಕೊರತೆ ಏಳನೇ ವಯಸ್ಸಿಗಾಗಲೇ ಇತ್ತು, ಮುಂದೆ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಕೆಲಸದ ವೇಗ, ಗಮನ, ಒಂದಿಷ್ಟು ಸಂಗತಿಗಳನ್ನು ತಲೆಯಲ್ಲಿ ಹಿಡಿದುಕೊಂಡೇ ಲೆಕ್ಕ ಮಾಡುವ ಶಕ್ತಿ ಇವುಗಳ ಕಥೆ ಬೇರೆ. ಏಳಕ್ಕೆ ಇವು ಬಹುತೇಕ ಸರಿಯಾಗಿಯೇ ಇದ್ದವು, ಆಮೇಲೆ ಬೆಳೆದವು ಕೂಡ, ಆದರೆ ಇತರ ಮಕ್ಕಳಷ್ಟು ವೇಗದಲ್ಲಿ ಬೆಳೆಯಲಿಲ್ಲ. ಅಂತರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಹೋಯಿತು. ಕಲಿತದ್ದನ್ನು ಕಳೆದುಕೊಂಡದ್ದಲ್ಲ ಇದು, ಜೊತೆಯವರು ಮುಂದೆ ಹೋದದ್ದು. ಮುಂದೆ ಖಿನ್ನತೆ ಬಂದವರಲ್ಲಿ ಈ ನಮೂನೆ ಕಾಣಲಿಲ್ಲ. ಹಾಗಾಗಿ ಒಂದು ದಿನದ ಒಂದು ಪರೀಕ್ಷೆಗಿಂತ ಎರಡು ವರ್ಷದ ಅಂತರದಲ್ಲಿ ಅದೇ ಪರೀಕ್ಷೆಯನ್ನು ಎರಡು ಬಾರಿ ಮಾಡಿಸುವುದು ಹೆಚ್ಚು ತಿಳಿಸುತ್ತದೆ.

ಇದೇ ವಯಸ್ಸಿನಲ್ಲಿ ಕೈಕಾಲಿನ ನಿಖರತೆಯನ್ನೂ ನೋಡಬಹುದು. ಚೆಂಡು ಹಿಡಿಯುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳಿಗೆ ಸಾಲಾಗಿ ಬೇಗ ಬೇಗ ತಾಗಿಸುವುದು. ಬಲಗೈಯಲ್ಲಿ ಹೀಗೆ ಮಾಡುವಾಗ ಎಡಗೈಯ ಬೆರಳುಗಳೂ ತಾವಾಗಿ ಕುಣಿಯುವುದು ಚಿಕ್ಕ ಮಕ್ಕಳಲ್ಲಿ ಸಹಜ, ಹತ್ತರ ಹೊತ್ತಿಗೆ ಬಹುಮಟ್ಟಿಗೆ ನಿಲ್ಲಬೇಕು. ಡೆನ್ಮಾರ್ಕಿನಲ್ಲಿ ಏಳು ವರ್ಷದ 522 ಮಕ್ಕಳನ್ನು ಪರೀಕ್ಷಿಸಿದಾಗ, ಸ್ಕಿಜೋಫ್ರೇನಿಯಾ ಇರುವ ತಂದೆ ಅಥವಾ ತಾಯಿಯ ಮಕ್ಕಳಲ್ಲಿ ಈ ಬಗೆಯ ತೊಂದರೆ ಹೆಚ್ಚಿತ್ತು. ಬೈಪೋಲಾರ್ ಕಾಯಿಲೆ, ಅಂದರೆ ಅತಿ ಉತ್ಸಾಹ ಮತ್ತು ಖಿನ್ನತೆ ಬೇರೆ ಬೇರೆ ಕಾಲದಲ್ಲಿ ಬರುವ ಕಾಯಿಲೆ, ಇರುವವರ ಮಕ್ಕಳಲ್ಲಿ ಇರಲಿಲ್ಲ. ಈ ಒಂದು ಭೇದ ಹಲವು ಅಧ್ಯಯನಗಳಲ್ಲಿ ಮರುಕಳಿಸಿದೆ.

ಓದಿನಲ್ಲಿ ಹಿಂದಿರುವವರಿಗೇ ಈ ಕಾಯಿಲೆ ಬರುತ್ತದೆ ಎಂದು ಯಾರೂ ತಿಳಿಯಬಾರದು. ಫಿನ್ಲೆಂಡಿನ ಅದೇ ದಾಖಲೆಯಲ್ಲಿ, ಹದಿನಾರನೇ ವಯಸ್ಸಿಗೆ ಅತ್ಯುತ್ತಮ ಅಂಕ ಪಡೆದ ಹುಡುಗರ ಪಾಲು ಕಾಯಿಲೆ ಬಂದವರಲ್ಲಿ ನಿರೀಕ್ಷೆಗಿಂತ ಹೆಚ್ಚೇ ಇತ್ತು.

ಹನ್ನೊಂದನೇ ವಯಸ್ಸಿನ ಪ್ರಶ್ನೆಗಳು

ಡುನೆಡಿನ್ ಮಕ್ಕಳಿಗೆ ಹನ್ನೊಂದು ವರ್ಷವಾದಾಗ ಮನೋವೈದ್ಯರೊಬ್ಬರು ನೇರವಾಗಿ ಕೇಳಿದ್ದರು: ನಿನ್ನ ಮನಸ್ಸನ್ನು ಬೇರೆಯವರು ಓದಿದ್ದಾರೆಯೇ? ಟಿವಿ, ರೇಡಿಯೋದಲ್ಲಿ ನಿನಗಾಗಿಯೇ ಸಂದೇಶ ಬಂದಿದೆಯೇ? ಬೇರೆಯವರಿಗೆ ಕೇಳದ ಧ್ವನಿ ಕೇಳಿಸಿದೆಯೇ? ಯಾರಾದರೂ ನಿನ್ನನ್ನು ಹಿಂಬಾಲಿಸುತ್ತಿದ್ದಾರೆಯೇ? ಬಲವಾಗಿ ಹೌದೆಂದ ಮಕ್ಕಳು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಅವರಲ್ಲಿ ನಾಲ್ಕರಲ್ಲೊಂದು ಪಾಲಿಗೆ 26ರ ಹೊತ್ತಿಗೆ ಸ್ಕಿಜೋಫ್ರೇನಿಯಾದ ಬಗೆಯ ಕಾಯಿಲೆ ಕಾಣಿಸಿತು, ಉಳಿದ ಮಕ್ಕಳಿಗೆ ಹೋಲಿಸಿದರೆ ಅಪಾಯ 16 ಪಟ್ಟು. ಬಾಲ್ಯದ ಯಾವ ಗುರುತೂ ಇಷ್ಟು ಬಲವಾದ ಸಂಬಂಧ ತೋರಿಸಿಲ್ಲ.

ಈ ಹದಿನಾರನ್ನು ಕೇಳಿ ಬೆಚ್ಚುವ ಮುನ್ನ ಎರಡು ಮಾತು. ಬಲವಾಗಿ ಹೌದೆಂದ ಆ ಮಕ್ಕಳ ಗುಂಪು ಹದಿನೈದನ್ನೂ ಮುಟ್ಟದಷ್ಟು ಸಣ್ಣದು. ಮತ್ತೆ, ಧ್ವನಿ ಕೇಳಿಸಿತೆಂದು ಹೇಳುವುದು ಈ ವಯಸ್ಸಿನಲ್ಲಿ ಅಪರೂಪವಲ್ಲ. ಒಂಬತ್ತರಿಂದ ಹನ್ನೆರಡು ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 17 ಮಂದಿ ಇಂಥ ಏನಾದರೊಂದು ಅನುಭವವನ್ನು ಹೇಳುತ್ತಾರೆ. ಹದಿಮೂರರಿಂದ ಹದಿನೆಂಟರ ನಡುವೆ ಇದು ಏಳೆಂಟಕ್ಕೆ ಇಳಿಯುತ್ತದೆ. ಅಂದರೆ ಬಹುಪಾಲು ತಾನಾಗಿಯೇ ಹೋಗುತ್ತದೆ.

ಮಗುವಿನ ಕಲ್ಪನೆಯ ಗೆಳೆಯನಿಗೂ ಕಾಯಿಲೆಯ ಧ್ವನಿಗೂ ವ್ಯತ್ಯಾಸ ತಿಳಿಯುವುದು ಹೇಗೆ? ಕಲ್ಪನೆಯ ಗೆಳೆಯ ಮಗು ಕರೆದಾಗ ಬರುತ್ತಾನೆ, ಸಾಕೆಂದಾಗ ಹೋಗುತ್ತಾನೆ, ಅವನಿಂದ ಮಗುವಿಗೆ ಖುಷಿಯಿದೆ, ಒತ್ತಿ ಕೇಳಿದರೆ "ಸುಮ್ಮನೆ ಆಟ" ಎಂದು ಒಪ್ಪುತ್ತದೆ. ನಿದ್ದೆಗೆ ಜಾರುವಾಗ ಯಾರೋ ಹೆಸರು ಕರೆದಂತಾಗುವುದು ಎಲ್ಲ ವಯಸ್ಸಿನವರಲ್ಲೂ ಇದೆ. ಎಚ್ಚರವಾಗಿರುವಾಗ, ಬೇಡವೆಂದರೂ ಬರುವ, ಹೆದರಿಸುವ, ಬೈಯುವ, ಆಜ್ಞೆ ಮಾಡುವ ಧ್ವನಿಯಾದರೆ ಮಕ್ಕಳ ಮನೋವೈದ್ಯರ ಬಳಿ ಹೋಗಬೇಕು. ಕೇಳುವಾಗ ದನಿ ಏರಿಸಬೇಡಿ, ನಗಬೇಡಿ, "ಅದೆಲ್ಲ ಸುಳ್ಳು" ಎಂದು ವಾದಿಸಬೇಡಿ. ಒಮ್ಮೆ ಬೈಸಿಕೊಂಡ ಮಗು ಮತ್ತೆ ಆ ಮಾತೆತ್ತುವುದಿಲ್ಲ. ಧ್ವನಿಯಂತೂ ಅಲ್ಲೇ ಇರುತ್ತದೆ.

ಅಂಕಿಗಳ ನಿಜವಾದ ಅರ್ಥ

ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು, ಏಕೆಂದರೆ ಜಾಲತಾಣಗಳಲ್ಲಿ ಓಡಾಡುವ ಪಟ್ಟಿಗಳು ಬಿಟ್ಟುಬಿಡುವುದು ಇದನ್ನೇ. 10,000 ಮಕ್ಕಳಿದ್ದಾರೆಂದುಕೊಳ್ಳಿ. ಅವರಲ್ಲಿ ಜೀವಮಾನದಲ್ಲಿ ಸ್ಕಿಜೋಫ್ರೇನಿಯಾ ಬರುವವರು ಸುಮಾರು 70. ಯಾವುದೋ ಒಂದು ಗುರುತು ಆ 70 ಜನರಲ್ಲಿ ನೂರಕ್ಕೆ 30ರಂತೆ, ಉಳಿದವರಲ್ಲಿ ನೂರಕ್ಕೆ 10ರಂತೆ ಇದೆಯೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಮೂರು ಪಟ್ಟು ಹೆಚ್ಚು, ಸಂಶೋಧನೆಯಲ್ಲಿ ಇದು ಒಳ್ಳೆಯ ಫಲಿತಾಂಶವೇ. 70ರಲ್ಲಿ 21 ಮಕ್ಕಳಿಗೆ ಗುರುತಿದೆ. ಉಳಿದ 9930ರಲ್ಲಿ 993 ಮಕ್ಕಳಿಗೂ ಇದೆ. ಗುರುತಿರುವ 1014 ಮಕ್ಕಳಲ್ಲಿ ಕಾಯಿಲೆ ಬರುವುದು 21 ಮಂದಿಗೆ, ನೂರಕ್ಕೆ ಎರಡು. ತೊಂಬತ್ತೆಂಟು ಮಕ್ಕಳನ್ನು ಸುಮ್ಮನೆ ಹೆದರಿಸಿದಂತಾಯಿತು. ಇಷ್ಟರ ಮೇಲೆ, ಕಾಯಿಲೆ ಬಂದ 70ರಲ್ಲಿ 49 ಮಂದಿಗೆ ಗುರುತೇ ಇರಲಿಲ್ಲ.

ತಂದೆ ಅಥವಾ ತಾಯಿಗೆ ಕಾಯಿಲೆ ಇರುವ ಕುಟುಂಬದಲ್ಲಿ ಲೆಕ್ಕ ಬದಲಾಗುತ್ತದೆ. ಅಂಥ ಮಕ್ಕಳಲ್ಲಿ ಅಪಾಯ ನೂರಕ್ಕೆ ಸುಮಾರು ಹತ್ತು. ಅಂದರೆ ತೊಂಬತ್ತು ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ, ಇದನ್ನು ಮೊದಲು ಹೇಳಬೇಕು. ನ್ಯೂಯಾರ್ಕಿನಲ್ಲಿ ಎರ್ಲೆನ್‌ಮಯರ್-ಕಿಮ್ಲಿಂಗ್ ಅವರ ತಂಡ 1971ರಿಂದ ಇಂಥ ಕುಟುಂಬಗಳ ಮಕ್ಕಳನ್ನು ಏಳರಿಂದ ಹನ್ನೆರಡರ ವಯಸ್ಸಿನಲ್ಲಿ ಪರೀಕ್ಷಿಸಿ ದೊಡ್ಡವರಾಗುವವರೆಗೆ ಹಿಂಬಾಲಿಸಿತು. ಮುಂದೆ ಕಾಯಿಲೆ ಬಂದವರಲ್ಲಿ ನೂರಕ್ಕೆ 83 ಮಂದಿಗೆ ಕೇಳಿದ ಮಾತನ್ನು ನೆನಪಿಡುವ ಪರೀಕ್ಷೆಯಲ್ಲಿ, 75 ಮಂದಿಗೆ ದೇಹ ಚಲನೆಯಲ್ಲಿ, 58 ಮಂದಿಗೆ ಗಮನದಲ್ಲಿ ಕೊರತೆಯಿತ್ತು. ಕಾಯಿಲೆ ಬಾರದವರಲ್ಲೂ ಇವು ಕ್ರಮವಾಗಿ 28, 27, 18 ಮಂದಿಯಲ್ಲಿ ಇದ್ದವು. ನೆನಪಿನ ಪರೀಕ್ಷೆಯನ್ನೇ ತೆಗೆದುಕೊಂಡು ಇಂಥ ನೂರು ಮಕ್ಕಳಿಗೆ ಅನ್ವಯಿಸಿದರೆ, ಬರಲಿರುವ ಹತ್ತರಲ್ಲಿ ಎಂಟು, ಬಾರದ ತೊಂಬತ್ತರಲ್ಲಿ ಇಪ್ಪತ್ತೈದು ಮಕ್ಕಳು ಗುರುತಿಗೆ ಬೀಳುತ್ತಾರೆ. ನಾಲ್ವರಲ್ಲಿ ಒಬ್ಬರು ನಿಜ, ಮೂವರು ತಪ್ಪು. ಕುಟುಂಬದ ಇತಿಹಾಸವಿಲ್ಲದೆ ಬರಿಯ ಗುರುತಿಗೆ ಬೆಲೆಯಿಲ್ಲ, ಇತಿಹಾಸವಿದ್ದಾಗಲೂ ಅದು ತೀರ್ಪಲ್ಲ.

ಇನ್ನು ತಪ್ಪು ದಿಕ್ಕಿಗೆ ಎಳೆಯುವ ಗುರುತುಗಳು. ಒಂದು ಕಾಲದಲ್ಲಿ ಆಟಿಸಂ (ಎಳೆತನದಿಂದಲೇ ಬೆರೆಯುವಿಕೆ, ಸಂವಹನದಲ್ಲಿ ಭಿನ್ನತೆ ತೋರುವ ಬೆಳವಣಿಗೆಯ ಸ್ಥಿತಿ) ಇರುವ ಮಕ್ಕಳನ್ನೂ ಬಾಲ್ಯದ ಸ್ಕಿಜೋಫ್ರೇನಿಯಾ ಎಂದೇ ಕರೆಯುತ್ತಿದ್ದರು. 1971ರಲ್ಲಿ ಬ್ರಿಟನ್ನಿನ ಮಕ್ಕಳ ಮನೋವೈದ್ಯ ಕೋಲ್ವಿನ್ ಅವರ ಅಧ್ಯಯನಗಳು ಎರಡನ್ನೂ ಬೇರ್ಪಡಿಸಿದವು. ಮೂರು ವರ್ಷದೊಳಗೆ ಶುರುವಾಗುವುದು ಒಂದು ಗುಂಪು, ಶಾಲೆಯ ವಯಸ್ಸು ಬಂದ ಮೇಲೆ ಭ್ರಮೆ, ಧ್ವನಿಗಳೊಂದಿಗೆ ಶುರುವಾಗುವುದು ಇನ್ನೊಂದು. ಹದಿಮೂರಕ್ಕೆ ಮುಂಚೆ ನಿಜವಾದ ಸ್ಕಿಜೋಫ್ರೇನಿಯಾ ಅತ್ಯಂತ ಅಪರೂಪ. ಹಾಗಾಗಿ ಮಾತು ತಡ, ಕಣ್ಣು ಕೂಡಿಸದು, ಒಂಟಿ ಆಟ ಎಂದು ಮೂರು ವರ್ಷದ ಮಗುವನ್ನು ಕರೆತಂದಾಗ ವೈದ್ಯರು ಹುಡುಕುವುದು ಕಿವುಡು, ಆಟಿಸಂ, ಭಾಷಾ ಬೆಳವಣಿಗೆಯ ತೊಂದರೆ, ಥೈರಾಯ್ಡ್, ಕಬ್ಬಿಣದ ಕೊರತೆ. ತರಗತಿಯಲ್ಲಿ ಕೆಲವು ಕ್ಷಣ ಶೂನ್ಯ ದಿಟ್ಟಿಸಿ ಮತ್ತೆ ಎಚ್ಚೆತ್ತುಕೊಳ್ಳುವ ಮಗುವಿಗೆ ಬೇಕಾದದ್ದು ಮೂರ್ಛೆರೋಗಕ್ಕಾಗಿ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ. ಹಿಂಸೆ, ಲೈಂಗಿಕ ದೌರ್ಜನ್ಯ ಅನುಭವಿಸಿದ ಮಗುವೂ ಒಳಸರಿಯುತ್ತದೆ, ಧ್ವನಿ ಕೇಳಿಸುತ್ತದೆ ಎನ್ನುತ್ತದೆ. ಅದನ್ನು ಕೇಳದೆ ಬಿಡಬಾರದು.

ಒಂದು ಜನ್ಮಜಾತ ಸ್ಥಿತಿಯಲ್ಲಂತೂ ಅಪಾಯ ನಿಜಕ್ಕೂ ದೊಡ್ಡದು. ಇಪ್ಪತ್ತೆರಡನೇ ವರ್ಣತಂತುವಿನ ಒಂದು ಸಣ್ಣ ತುಣುಕು ಇಲ್ಲದಿರುವುದು, ವೈದ್ಯರ ಭಾಷೆಯಲ್ಲಿ 22ಕ್ಯೂ11 ಡಿಲೀಷನ್. ಸುಮಾರು ನಾಲ್ಕು ಸಾವಿರ ಹೆರಿಗೆಗೆ ಒಂದು. ಹೃದಯದ ದೋಷ, ಸೀಳು ಅಂಗುಳ ಅಥವಾ ಮೂಗಿನಲ್ಲಿ ಮಾತಾಡುವಂಥ ಧ್ವನಿ, ರಕ್ತದಲ್ಲಿ ಕ್ಯಾಲ್ಸಿಯಂ ಕೊರತೆಯಿಂದ ಸೆಳೆತ, ಪದೇಪದೇ ಸೋಂಕು, ಕಲಿಕೆಯ ತೊಂದರೆ ಇವುಗಳಲ್ಲಿ ಎರಡು ಮೂರು ಒಟ್ಟಿಗಿದ್ದರೆ ವಂಶವಾಹಿ ಪರೀಕ್ಷೆ ಮಾಡಿಸಬೇಕು. ಇವರಲ್ಲಿ ನಾಲ್ವರಲ್ಲೊಬ್ಬರಿಗೆ ದೊಡ್ಡವರಾದ ಮೇಲೆ ಸ್ಕಿಜೋಫ್ರೇನಿಯಾದ ಬಗೆಯ ಕಾಯಿಲೆ ಬರುತ್ತದೆ. ಹರೆಯದಿಂದಲೇ ಮನೋವೈದ್ಯರ ನಿಗಾ ಇರಬೇಕು.

ಏಕೆ ಹೀಗೆ?

1987ರಲ್ಲಿ ಅಮೆರಿಕದ ಡೇನಿಯಲ್ ವೈನ್‌ಬರ್ಗರ್, ಬ್ರಿಟನ್ನಿನ ರಾಬಿನ್ ಮರ್ರೆ ಮತ್ತು ಶಾನ್ ಲೂಯಿಸ್ ಒಂದೇ ದಿಕ್ಕಿನ ವಿಚಾರವನ್ನು ಮುಂದಿಟ್ಟರು: ಈ ಕಾಯಿಲೆಯ ಬೇರು ಮೆದುಳು ರೂಪುಗೊಳ್ಳುವ ಕಾಲದಲ್ಲೇ ಇದೆ. ಆನುವಂಶಿಕತೆಯ ಪಾಲು ಸುಮಾರು ನೂರಕ್ಕೆ ಎಂಬತ್ತು, ಅದೂ ಒಂದಲ್ಲ, ನೂರಾರು ವಂಶವಾಹಿಗಳ ಸಣ್ಣ ಸಣ್ಣ ಪಾಲುಗಳು ಸೇರಿ. 1944-45ರ ಡಚ್ ಬರಗಾಲದ ಭೀಕರ ತಿಂಗಳುಗಳಲ್ಲಿ ಗರ್ಭದಲ್ಲಿ ರೂಪ ತಳೆದವರಲ್ಲಿ ಕಾಯಿಲೆ ಎರಡು ಪಟ್ಟು ಕಂಡಿತು. ಹೆರಿಗೆಯಲ್ಲಿ ಉಸಿರು ಕಟ್ಟಿದಂಥ ತೊಡಕುಗಳೂ ಅಪಾಯವನ್ನು ಸ್ವಲ್ಪ ಏರಿಸುತ್ತವೆ. ಹರೆಯದಲ್ಲಿ ಮೆದುಳು ಬೇಡದ ನರಸಂಪರ್ಕಗಳನ್ನು ಕತ್ತರಿಸಿ ಹಾಕುತ್ತದೆ, ತೋಟಗಾರ ಕೊಂಬೆ ಸವರುವಂತೆ. ಈ ಸವರುವಿಕೆ ಅತಿಯಾದರೆ ಈ ಕಾಯಿಲೆ ಬರಬಹುದೆಂದು ಅಮೆರಿಕದ ಸಂಶೋಧಕ ಫೈನ್‌ಬರ್ಗ್ 1982ರಲ್ಲೇ ಊಹಿಸಿದ್ದರು. 2016ರಲ್ಲಿ ಸಿ4 ಎಂಬ ವಂಶವಾಹಿಯ ಅಧ್ಯಯನ ಆ ಊಹೆಗೆ ಬಲ ಕೊಟ್ಟಿತು. ಶೈಶವದಲ್ಲಿ ಕೈಕಾಲಿನಲ್ಲಿ ಕಂಡ ಸಣ್ಣ ಎಡವಟ್ಟು ಇಪ್ಪತ್ತರಲ್ಲಿ ಭ್ರಮೆಯಾಗಿ ತೋರುವುದು ಹೀಗೆ: ದೋಷ ಮೊದಲಿಂದ ಇದೆ, ಅದನ್ನು ಹೊರಗೆಡಹುವ ಮೆದುಳಿನ ಭಾಗ ಪ್ರೌಢವಾಗುವುದು ತಡವಾಗಿ.

ಸಾಕಿದ ರೀತಿಯಿಂದ ಇದು ಬರುತ್ತದೆಂಬ ಮಾತಿಗೆ ಇಲ್ಲಿ ಜಾಗವಿಲ್ಲ. 1948ರಲ್ಲಿ ತಾಯಿಯ ತಣ್ಣನೆಯ ನಡವಳಿಕೆಯೇ ಕಾರಣವೆಂಬ ವಾದ ಹುಟ್ಟಿ, ಒಂದು ತಲೆಮಾರಿನ ತಾಯಂದಿರನ್ನು ಸುಟ್ಟಿತು. ಪುರಾವೆ ಸಿಗಲಿಲ್ಲ. ಅದನ್ನು ಇಂದಿಗೂ ಹೇಳುವವರು ಯಾರೇ ಆಗಿರಲಿ, ತಪ್ಪು ಹೇಳುತ್ತಿದ್ದಾರೆ.

ಹಾಗಾದರೆ ಮಾಡುವುದೇನು?

ಗುರುತು ಯಾವುದೇ ಇರಲಿ, ಅದಕ್ಕೆ ಅದರದೇ ಚಿಕಿತ್ಸೆ ಕೊಡಿ. ಮಾತು ತಡವಾದರೆ ಕಿವಿ ಪರೀಕ್ಷೆ, ಸ್ಪೀಚ್ ಥೆರಪಿ. ಕೈಕಾಲಿನ ಎಡವಟ್ಟಿಗೆ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಮಾಡಲು ಕೊಡುವ ತರಬೇತಿ), ಈಜು, ಚೆಂಡಾಟ. ಓದಿನಲ್ಲಿ ನಿಧಾನವಾದರೆ ಒಂದು ಬಾರಿಗೆ ಒಂದೇ ಸೂಚನೆ, ಬರೆಯಲು ಹೆಚ್ಚು ಸಮಯ. ಬೆರೆಯಲು ಕಷ್ಟವಾದರೆ ಇಪ್ಪತ್ತು ಮಕ್ಕಳ ಗುಂಪಿಗೆ ತಳ್ಳದೆ, ಒಬ್ಬ ಗೆಳೆಯನನ್ನು ಕರೆಸಿ ಗೊತ್ತಾದ ಒಂದು ಆಟ ಕೊಡುವುದು. ಮುಂದೆ ಕಾಯಿಲೆ ಬಾರದ ತೊಂಬತ್ತೆಂಟು ಮಕ್ಕಳಿಗೂ ಇದರಿಂದ ಲಾಭವೇ ಹೊರತು ನಷ್ಟವಿಲ್ಲ. ಅದಕ್ಕಾಗಿಯೇ ಈ ದಾರಿ ಸರಿ. ಕಾಯಿಲೆ ಬರದಂತೆ ಮೊದಲೇ ಮಗುವಿಗೆ ಮನೋರೋಗದ ಮಾತ್ರೆ ಕೊಡುವುದು ಮಾತ್ರ ಖಂಡಿತ ಬೇಡ. ತೂಕ ಏರುತ್ತದೆ, ರಕ್ತದ ಸಕ್ಕರೆ ಏರುತ್ತದೆ, ತಡೆಯುತ್ತದೆಂಬ ಪುರಾವೆಯಿಲ್ಲ.

ಕುಟುಂಬದಲ್ಲಿ ಕಾಯಿಲೆ ಇದ್ದರೆ ಕಾಯಿಲೆ ಇರುವ ತಂದೆ ಅಥವಾ ತಾಯಿಯ ಚಿಕಿತ್ಸೆ ತಪ್ಪದಂತೆ ನೋಡಿಕೊಳ್ಳುವುದೂ ಮಗುವಿನ ಆರೈಕೆಯೇ. ಶಾಲೆಯಲ್ಲಿ ಪೀಡನೆ ನಡೆಯುತ್ತಿದ್ದರೆ ಅದೇ ವಾರ ನಿಲ್ಲಿಸಬೇಕು. ಹರೆಯಕ್ಕೆ ಬಂದ ಮೇಲೆ ಗಾಂಜಾದ ಅಪಾಯವನ್ನು ಬಿಡಿಸಿ ಹೇಳಬೇಕು. ಡುನೆಡಿನ್‌ನಲ್ಲಿ ಹದಿನೈದಕ್ಕೇ ಅದನ್ನು ಶುರು ಮಾಡಿದವರಲ್ಲಿ ತೊಂದರೆ ಹೆಚ್ಚು ಕಂಡಿತು.

ಹದಿಮೂರರ ನಂತರ ನೋಡಬೇಕಾದದ್ದು ಇಳಿತ. ಚೆನ್ನಾಗಿದ್ದ ಓದು ಕೆಲವು ತಿಂಗಳಲ್ಲಿ ಕುಸಿಯುವುದು, ಇದ್ದ ಗೆಳೆಯರನ್ನು ಬಿಡುವುದು, ಹಗಲು ನಿದ್ದೆ ರಾತ್ರಿ ಎಚ್ಚರ, ಸ್ನಾನ ಬಟ್ಟೆಯ ಬಗ್ಗೆ ಅಲಕ್ಷ್ಯ, ಕಾರಣವಿಲ್ಲದ ಸಂಶಯ. ಇವು ಕೂಡಿ ಬಂದರೆ ತಿಂಗಳುಗಟ್ಟಲೆ ಕಾಯದೆ ಕೆಲವೇ ವಾರಗಳಲ್ಲಿ ಮನೋವೈದ್ಯರನ್ನು ಕಾಣಬೇಕು. ಚಿಕಿತ್ಸೆಯಿಲ್ಲದೆ ಕಳೆದ ಕಾಲ ಉದ್ದವಾದಷ್ಟೂ ಚೇತರಿಕೆ ಕಷ್ಟ. ತನಗೋ ಇತರರಿಗೋ ಹಾನಿ ಮಾಡೆಂದು ಧ್ವನಿ ಹೇಳುತ್ತಿದ್ದರೆ ಅದೇ ದಿನ ಹೋಗಬೇಕು. ಜ್ವರ, ಸೆಳೆತ, ದಿಢೀರ್ ಗೊಂದಲ, ಬಾಯಿಯ ಅಥವಾ ಕೈಕಾಲಿನ ಹೊಸ ವಿಚಿತ್ರ ಚಲನೆಯೊಂದಿಗೆ ಧ್ವನಿ, ಭ್ರಮೆ ಶುರುವಾದರೆ ಅದು ಮೆದುಳಿನ ಉರಿಯೂತವಾಗಿರಬಹುದು. ಆಗ ತುರ್ತು ಚಿಕಿತ್ಸಾ ವಿಭಾಗಕ್ಕೆ. ಹಾಗೆಯೇ ಯಾವ ವಯಸ್ಸಿನಲ್ಲೇ ಆಗಲಿ, ಬರುತ್ತಿದ್ದ ಮಾತು ಅಥವಾ ಕೌಶಲ ಕಳೆದುಹೋದರೆ ತಡಮಾಡಬಾರದು.

ಮೊದಲ ಭೇಟಿಗೆ ಏನು ಒಯ್ಯಬೇಕೆಂದು ಸಭೆಯಲ್ಲಿ ಕೇಳಿದ್ದರು. ಹೆರಿಗೆಯ ಕಾಗದ, ಎಷ್ಟು ವಾರಕ್ಕೆ ಹುಟ್ಟಿದ್ದು, ತೂಕ. ಕುಳಿತದ್ದು, ನಡೆದದ್ದು, ಮೊದಲ ಮಾತು, ಎರಡು ಪದ ಜೋಡಿಸಿದ್ದು ಯಾವ ತಿಂಗಳು ಎಂಬುದು. ನೆನಪಿನಿಂದಲ್ಲ, ಫೋಟೋ, ವಿಡಿಯೋದ ದಿನಾಂಕ ನೋಡಿ ಬರೆಯಿರಿ. ಮೂರು ವರ್ಷದ ಅಂಕಪಟ್ಟಿಗಳನ್ನು ಶಿಕ್ಷಕರ ಷರಾ ಸಮೇತ ಒಯ್ಯಿರಿ. ಮಗು ತಾನಾಗಿ ಆಡುತ್ತಿರುವ, ಇತರರೊಡನೆ ಇರುವ ಎರಡು ಮೂರು ನಿಮಿಷದ ವಿಡಿಯೋ ಇದ್ದರೆ ಒಳ್ಳೆಯದು. ಆಸ್ಪತ್ರೆಯ ಕೋಣೆಯಲ್ಲಿ ಮಗು ಹೇಗಿರುತ್ತದೋ ಮನೆಯಲ್ಲಿ ಹಾಗಿರುವುದಿಲ್ಲ. ಕುಟುಂಬದಲ್ಲಿ ಯಾರಿಗೆ ಯಾವ ಕಾಯಿಲೆ, ಯಾವ ವಯಸ್ಸಿನಲ್ಲಿ ಬಂತೆಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಆ ಹಾಳೆಯನ್ನು ಮಗುವಿನ ಎದುರು ಬಿಡಿಸಬೇಡಿ. ವೈದ್ಯರೊಡನೆ ಆ ಮಾತು ಆಗುವಾಗ ಮಗು ಹೊರಗಿರಲಿ.